ಬೂಟು ಉಜ್ಜುವ ಕಬ್ಬಿಣ

ಒತಿಲಿಯಾ ತಂತಿ ಬ್ರಷ್ಷು ಹಿಡಿದು ಕಬ್ಬಿಣ ಉಜ್ಜುತ್ತಿದ್ದಳು. ಟ್ರ್ಯಾಕ್ಟರಿನ ಮುಂದೆ ಬಕೆಟ್ಟು ಎತ್ತಿ ಇಳಿಸುವ ಲೋಡರಿಗೆ ಎರಡು ತೋಳು. ಆ ತೋಳುಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವ ದಪ್ಪ ಅಡ್ಡ ಕೊಳವೆ ಅದು. ಮೊದಲು ಹೆಪ್ಪುಗಟ್ಟಿದ ಸಗಣಿ ಉದುರಿತು. ಆಮೇಲೆ ಬಣ್ಣ. ಆಮೇಲೆ ತುಕ್ಕು. ಕೊನೆಗೆ ಕಬ್ಬಿಣದ ಬೆಳ್ಳನೆಯ ಮೈ ಕಂಡಿತು. ಅದರ ಮೇಲೆ ಕೂದಲೆಳೆಯಂಥ ಬಿರುಕೊಂದು ಸುತ್ತು ಹೊಡೆದು ಕೊಳವೆಯ ಅಡಿಯವರೆಗೂ ಹೋಗಿತ್ತು. ಅವಳು ಬಿರುಕಿನ ಮೇಲೆ ಬೆರಳಿಟ್ಟಳು. ಅಣ್ಣ ಸಿರಿಲೊ ಬಗ್ಗಿ ನೋಡಿ ತಲೆಯಾಡಿಸಿದ. ಅವಳು ಮತ್ತೆ ಉಜ್ಜತೊಡಗಿದಳು.

ಲೋಡರ್ ತಿರುಚಿಕೊಂಡಿತ್ತು. ಬಕೆಟ್ಟನ್ನು ಕಳಚಿ ಗೋಡೆಗೆ ಒರಗಿಸಿ, ತೋಳುಗಳನ್ನು ಸಿಮೆಂಟು ನೆಲಕ್ಕೆ ಇಳಿಸಿದ್ದರು. ಎಡಗಡೆಯ ತೋಳು ನೆಲ ಮುಟ್ಟಿತ್ತು. ಬಲಗಡೆಯದು ಗೇಣುದ್ದ ಮೇಲೆ ನಿಂತಿತ್ತು. ಲಕ್ವ ಹೊಡೆದವನ ಭುಜದ ಹಾಗೆ.

ಅದು ಸಿರಿಲೊ ಮಾಡಿದ್ದಲ್ಲ. ಚಳಿಗಾಲದಲ್ಲಿ ಸಿರಿಲೊ ಟ್ರ್ಯಾಕ್ಟರ್ ನಿಲ್ಲಿಸಿದರೆ ಬಕೆಟ್ಟಿನ ಕೆಳಗೆ ಎರಡು ಹಲಗೆ ಹಾಕಿಯೇ ಇಳಿಯುತ್ತಿದ್ದ. ಒದ್ದೆ ನೆಲದ ಮೇಲೆ ಹಾಗೇ ಇಟ್ಟರೆ ಬೆಳಗಾಗುವುದರೊಳಗೆ ಕಬ್ಬಿಣವೂ ನೆಲವೂ ಒಂದೇ ಕಲ್ಲಾಗುತ್ತದೆ. ಹಿಂದಿನ ಸಂಜೆ ಗಾಡಿ ಓಡಿಸಿದವನು ಯಜಮಾನನ ಮಗ ಬ್ರೆಟ್. ಗೆಳೆಯರ ಮುಂದೆ ಹಿಮದ ಗುಡ್ಡೆ ತಳ್ಳಿ ತೋರಿಸಿದ. ಹಲಗೆ ಹಾಕಲಿಲ್ಲ. ಬೆಳಿಗ್ಗೆ ಬಂದು ಹತ್ತಿದ. ಬಕೆಟ್ಟು ಕದಲಲಿಲ್ಲ. ಅಲ್ಲಾಡಿಸಿ ಬಿಡಿಸುವ ತಾಳ್ಮೆ ಅವನಿಗಿಲ್ಲ. ಇಂಜಿನ್ನು ಅರಚುವ ಹಾಗೆ ಎಳೆದ. ಒಂದು ಮೂಲೆ ಬಿಟ್ಟುಕೊಂಡಿತು, ಇನ್ನೊಂದು ಬಿಡಲಿಲ್ಲ. ಕಬ್ಬಿಣ ನರಳಿದ್ದನ್ನು ಒತಿಲಿಯಾ ಕರುಗಳ ಕೊಟ್ಟಿಗೆಯಿಂದ ಕೇಳಿದಳು. ಅವಳ ಕೈಯಲ್ಲಿ ಹಾಲಿನ ಬಾಟಲಿ ಇತ್ತು. ಕರು ಚೀಪುತ್ತಲೇ ಇತ್ತು. ಅವಳು ನೋಡುತ್ತಲೇ ಇದ್ದಳು.

ಯಜಮಾನ ಲೈಲ್ ಬಂದು ಬೈದದ್ದು ಸಿರಿಲೊನನ್ನು. ಹಾಲು ಕರೆಯುವವರೆಲ್ಲ ನಿಂತಿದ್ದರು. ನಿಮ್ಮ ಕೈಗೆ ಚಿನ್ನ ಕೊಟ್ಟರೂ ಚೂರು ಮಾಡುತ್ತೀರಿ, ನಿಮ್ಮ ಬೆಟ್ಟದಲ್ಲಿ ಕತ್ತೆ ಬಿಟ್ಟರೆ ಬೇರೆ ಗಾಡಿ ಕಂಡವರೇ ನೀವು ಎಂದ. ಬ್ರೆಟ್ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಿದ್ದ. ಅವನು ತನ್ನ ಬೂಟು ನೋಡಿಕೊಂಡ. ಸಿರಿಲೊ, "ಸರಿ ಮಾಡ್ತೀನಿ ಬಾಸ್" ಎಂದ.

ಆ ಡೈರಿಯಲ್ಲಿ ಹಾಲು ಅವರದು, ಸಗಣಿ ಇವರದು. ತಮ್ಮ ಬೆಟ್ಟದೂರಿನಿಂದ ಕಾಗದಪತ್ರವಿಲ್ಲದೆ ಗಡಿ ದಾಟಿ ವಿಸ್ಕಾನ್ಸಿನ್ನಿಗೆ ಬಂದ ಮೇಲೆ ಒತಿಲಿಯಾ ಕಲಿತ ಮೊದಲ ಪಾಠ ಅದು. ಊರಿನ ಶಾಲೆಯನ್ನು ಅವಳು ಅರ್ಧಕ್ಕೇ ಬಿಟ್ಟಿದ್ದಳು. ಮೊದಲಿನಿಂದಲೂ ಮಾತು ಕಡಿಮೆ. ಅಂಗಡಿಗೆ ಹೋದರೆ ಬೇಕಾದ್ದನ್ನು ಬೆರಳಿನಲ್ಲಿ ತೋರಿಸುತ್ತಿದ್ದಳು. ಯಜಮಾನನ ಮನೆಯವರು ಅವಳನ್ನು ಕರುವಿನ ಹುಡುಗಿ ಎನ್ನುತ್ತಿದ್ದರು. ಮೂಗಿಯೋ ಏನೋ ಎಂದು ಅವಳ ಎದುರೇ ಆಡಿಕೊಳ್ಳುತ್ತಿದ್ದರು. ಹಾಗಾಗಿ ಅವಳ ಎದುರು ಏನು ಬೇಕಾದರೂ ಮಾತಾಡುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತಿದ್ದಳು. ಅವರ ಇಂಗ್ಲಿಷು ಅವಳ ಕಿವಿಗೆ ಹೊಕ್ಕು ವರ್ಷಗಳಾಗಿದ್ದವು. ಬಾಯಿಗೆ ಬಂದಿರಲಿಲ್ಲ, ಅಷ್ಟೇ.

ಉಜ್ಜುವುದು ಮುಗಿಯಿತು. ಸಿರಿಲೊ ಎಡಗಡೆಯ ತೋಳನ್ನು ಸರಪಳಿಯಿಂದ ನೆಲದಲ್ಲಿ ಹೂತ ಕಬ್ಬಿಣದ ಬಳೆಗೆ ಬಿಗಿದ. ಬಲಗಡೆಯ ತೋಳಿನಡಿಗೆ ಜಾಕಿ ಇಟ್ಟರೆ ಅದು ಇನ್ನೂ ಮೇಲೇಳುತ್ತದೆ, ತಿರುಚು ಹೆಚ್ಚುತ್ತದೆ. ಹಾಗಾಗಬಾರದೆಂದು ನಿಂತು ಯೋಚಿಸಿದ. ಸರಪಳಿ ಬಿಚ್ಚಿದ. ಮೇಲೆ ನಿಂತ ತೋಳನ್ನೇ ನೆಲಕ್ಕೆ ಕಟ್ಟಿದ. ಜಾಕಿಯನ್ನು ತಗ್ಗಿದ ತೋಳಿನಡಿಗೆ ಕೊಟ್ಟ. ಆಮೇಲೆ ಗ್ಯಾಸು ಹೊತ್ತಿಸಿ ಕೊಳವೆ ಕಾಯಿಸಿದ. ಕಬ್ಬಿಣ ಮೊದಲು ನೀಲಿಯಾಯಿತು, ಆಮೇಲೆ ಕೆಂಡವಾಯಿತು.

"ಒತ್ತು," ಎಂದ.

ಅವಳು ಜಾಕಿಯ ಹಿಡಿಯ ಮೇಲೆ ಇಡೀ ಮೈ ಹಾಕಿದಳು. ಕರುಗಳಿಗೆ ಬಿಸಿನೀರಿನಲ್ಲಿ ಹಾಲುಪುಡಿ ಕದಡಿ ಕದಡಿ ಒಡೆದ ಅಂಗೈ. ಹಿಡಿಯ ಮೇಲೆ ರಕ್ತ ಅಂಟಿತು. ಅವಳು ಅದನ್ನು ಜಾಕೆಟ್ಟಿಗೆ ಒರೆಸಿ ಮತ್ತೆ ಒತ್ತಿದಳು.

"ಇನ್ನೊಂದು ಸಲ ತಂಗಿ. ಗಂಡನ್ನ ಬಗ್ಗಿಸ್ತಾ ಇದೀನಿ ಅನ್ಕೋ."

"ಗಂಡ ಎಲ್ಲಿದಾನೆ."

"ಸಿಗ್ತಾನೆ ಬಿಡು. ಅವನನ್ನೂ ಹಿಂಗೇ. ಮೊದ್ಲು ಕಾಯಿಸ್ಬೇಕು, ಆಮೇಲೆ ಬಗ್ಗಿಸ್ಬೇಕು. ತಣ್ಣಗಿದ್ದಾಗ ಒತ್ತಿದ್ರೆ ಮುರ್ದೋಗ್ತಾನೆ."

ಅವಳು ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಕೊಳವೆ ಕೀರಲು ದನಿಯಲ್ಲಿ ಕೂಗಿ ತಿರುಗಿತು. ಸಿರಿಲೊ ನೇರಕ್ಕೆ ನಿಲ್ಲಿಸಲಿಲ್ಲ, ಇನ್ನೊಂದು ಬೆರಳು ಮುಂದಕ್ಕೆ ಒತ್ತಿಸಿದ. ತಣಿದಾಗ ಕಬ್ಬಿಣ ಆ ಒಂದು ಬೆರಳು ಹಿಂದಕ್ಕೆ ಬಂತು. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ನೋಡಿದರು. ಆ ಕಡೆಯೂ ಅಷ್ಟೇ, ಈ ಕಡೆಯೂ ಅಷ್ಟೇ. ಸಿರಿಲೊ ಮಾಸ್ಕು ಮುಖಕ್ಕೆ ಎಳೆದುಕೊಂಡು ಬಿರುಕಿನ ಮೇಲ್ಭಾಗಕ್ಕೆ ಬೆಸುಗೆ ಹಾಕಿದ. ಅಡಿಭಾಗ ಉಳಿಯಿತು.

ಲೈಲ್ ಚರ್ಚಿನಿಂದ ಬಂದವನು ಒಳ್ಳೆಯ ಕೋಟಿನಲ್ಲೇ ಶೆಡ್ಡಿಗೆ ಬಂದ. ಬೆಸುಗೆಯನ್ನು ಕೈಗವಸಿನಿಂದ ಮುಟ್ಟಿ ನೋಡಿದ. ಚೆನ್ನಾಗಿದೆ ಎನ್ನಲಿಲ್ಲ. ಇನ್ನೂ ಎಷ್ಟು ಹೊತ್ತು ಎಂದು ಕೇಳಿದ. ಸಿರಿಲೊ ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದ: ಲೋಡರನ್ನು ಟ್ರ್ಯಾಕ್ಟರಿನಿಂದ ಕಳಚಿ, ಸರಪಳಿ ಹಾಕಿ ಮಗುಚಿ, ಅಡಿಗೆ ಬೆಸುಗೆ ಹಾಕಬೇಕು. ಸಂಜೆಯಾಗುತ್ತದೆ. ಲೈಲ್ ತಲೆಯಲ್ಲಾಡಿಸಿದ. ಸಂಜೆಗೆ ಹಿಮ ಬೀಳುತ್ತದೆ, ದನಗಳಿಗೆ ಮೇವು ಬೀಳಬೇಕು, ಸಂಜೆಯ ಮಾತು ಬೇಡ. ತೋಳು ಎತ್ತಿ ನಿಲ್ಲಿಸಿಕೊಂಡು ಕೆಳಗೆ ಮಲಗಿ ಬೆಸುಗೆ ಹಾಕು ಎಂದ. ಸರಪಳಿ ಬಿಚ್ಚಿಸಿ, ಅವನೇ ಹತ್ತಿ ತೋಳುಗಳನ್ನು ಎದೆಯೆತ್ತರಕ್ಕೆ ಎತ್ತಿ, ಇಂಜಿನ್ನು ನಿಲ್ಲಿಸಿ ಇಳಿದ.

"ಹಂಗಾದ್ರೆ ಆ ಕೆಂಪು ಆಸರೆ ಕೊಡಿ ಬಾಸ್," ಎಂದ ಸಿರಿಲೊ.

ಲೈಲ್ ಅವನ ಮುಖ ನೋಡಲಿಲ್ಲ. "ಅದೆಲ್ಲಿದೆಯೋ. ಇರು, ಬೇರೆ ತರ್ತೀನಿ," ಎಂದು ಹೊರಗೆ ಹೋದ.

ಅದು ಎಲ್ಲಿದೆ ಎಂದು ಒತಿಲಿಯಾಗೆ ಗೊತ್ತಿತ್ತು. ಸಿರಿಲೊಗೂ ಗೊತ್ತಿತ್ತು. ಲೈಲ್‌ಗೂ ಗೊತ್ತಿತ್ತು.

ಅವರು ಮೊದಲು ಮೂವರು ಬಂದಿದ್ದರು. ದೊಡ್ಡಣ್ಣ ಮಾರ್ಸಿಯಾಲ್, ಸಿರಿಲೊ, ಒತಿಲಿಯಾ. ಎರಡು ಚಳಿಗಾಲದ ಹಿಂದೆ ಇದೇ ಶೆಡ್ಡಿನಲ್ಲಿ, ಇದೇ ಟ್ರ್ಯಾಕ್ಟರಿನ ಎತ್ತಿದ ತೋಳಿನ ಕೆಳಗೆ, ಮಾರ್ಸಿಯಾಲ್ ಗ್ರೀಸು ಹಚ್ಚುತ್ತಿದ್ದ. ತೋಳನ್ನು ಎತ್ತಿ ಹಿಡಿಯುವ ಎಣ್ಣೆಯ ಪೈಪು ಒಡೆಯಿತು. ಊಟಕ್ಕೆ ಬಾ ಎಂದು ಕರೆಯಲು ಹೋದವಳು ಒತಿಲಿಯಾ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬಿಸಿ ಆರದಂತೆ ಮುಚ್ಚಿಟ್ಟು ಹೋಗಿದ್ದಳು. ಆಮೇಲೆ ಸರ್ಕಾರದ ಮನುಷ್ಯನೊಬ್ಬ ಬಂದ. ಎತ್ತಿದ ತೋಳಿಗೆ ಆಸರೆ ಕೊಡದೆ ಯಾರೂ ಕೆಳಗೆ ಹೋಗಬಾರದು ಎಂದ. ಲೈಲ್ ಒಂದು ಆಸರೆ ತರಿಸಿದ. ಮೊಳಕ್ಕಿಂತ ತುಸು ಉದ್ದದ, ದೋಣಿಯ ಹಾಗೆ ಒಳಬಾಗಿದ ಉಕ್ಕಿನ ಪಟ್ಟಿ. ತೋಳು ಎತ್ತುವ ಹೊಳೆಯುವ ದಂಡದ ಮೇಲೆ ಅದನ್ನು ಕೂರಿಸಿದರೆ ಆಯಿತು. ಎಣ್ಣೆಯೆಲ್ಲ ಸೋರಿ ಹೋದರೂ ತೋಳು ಇಳಿಯುವುದಿಲ್ಲ. ಅದಕ್ಕೆ ಕೆಂಪು ಬಣ್ಣ ಬಳಿದಿದ್ದರು. ಮಾರ್ಸಿಯಾಲ್ ಸತ್ತು ಆ ಡೈರಿಗೆ ಬಂದದ್ದು ಅದೊಂದೇ. ಹೆಣವನ್ನು ಊರಿಗೆ ಕಳಿಸುವ ದಿನ ಲೈಲ್ ಸಿರಿಲೊನ ಹೆಗಲ ಮೇಲೆ ಕೈಯಿಟ್ಟು, ಅವನು ನಮ್ಮ ಮನೆಯವನೇ ಆಗಿದ್ದ ಎಂದಿದ್ದ. ಮಾರ್ಸಿಯಾಲ್ ಆ ಮನೆಯ ಒಳಗೆ ಕಾಲಿಟ್ಟವನಲ್ಲ.

ಅವರ ಊರಿನಲ್ಲಿ ಒಂದು ನಂಬಿಕೆಯಿದೆ. ಅಪಘಾತದಲ್ಲಿ ಸತ್ತವನ ನೆರಳು ಅವನು ಬಿದ್ದ ಜಾಗದಲ್ಲೇ ಉಳಿದುಬಿಡುತ್ತದೆ. ಸತ್ತವರ ಹಬ್ಬದಲ್ಲಿ ಮೊದಲು ಆ ಜಾಗಕ್ಕೆ ಚೆಂಡುಹೂ ಕಟ್ಟಿ ನೆರಳನ್ನು ಎಬ್ಬಿಸಬೇಕು, ಆಮೇಲೆ ಮನೆಗೆ ಕರೆಯಬೇಕು. ಈ ನಾಡಿನ ನವೆಂಬರಿನಲ್ಲಿ ಚೆಂಡುಹೂ ಎಲ್ಲಿಂದ ಬರಬೇಕು. ಒತಿಲಿಯಾ ಹುಲ್ಲಿನ ಹೊರೆ ಕಟ್ಟುವ ಕಿತ್ತಳೆ ಬಣ್ಣದ ದಾರ ಬಿಚ್ಚಿ ಹೂ ಮಾಡಿದಳು. ಆ ಹೂವನ್ನು ಕೆಂಪು ಆಸರೆಗೆ ಕಟ್ಟಿದಳು. ಮಾರನೆಯ ವರ್ಷ ಹೂ ತೆಗೆದುಕೊಂಡು ಬಂದಾಗ ಆಸರೆಯೇ ಇರಲಿಲ್ಲ.

ಒಂದು ಬೆಳಿಗ್ಗೆ ಅದು ಅವಳಿಗೆ ಕಂಡಿತು. ಯಜಮಾನನ ಮನೆಯ ಮೆಟ್ಟಿಲ ಪಕ್ಕ. ಟ್ರ್ಯಾಕ್ಟರಿನ ಮೇಲೆ ಗಡಗಡ ಸದ್ದು ಮಾಡುತ್ತದೆಂದು ಬ್ರೆಟ್ ಅದನ್ನು ಬಿಚ್ಚಿ, ಎರಡು ಕಟ್ಟಿಗೆಯ ನಡುವೆ ಬೋರಲು ಕೂರಿಸಿ, ಬೋಲ್ಟು ಬಿಗಿದಿದ್ದ. ಅದರ ಅಂಚಿಗೆ ಬೂಟು ಉಜ್ಜಿದರೆ ಸಗಣಿ ನೀಟಾಗಿ ಬಿಡುತ್ತದೆ. ಅಪ್ಪ ಉಜ್ಜಿದ, ಮಗ ಉಜ್ಜಿದ, ಬಂದ ನೆಂಟರೆಲ್ಲ ಉಜ್ಜಿದರು. ನಡುವಿನ ಕೆಂಪು ಸವೆದುಹೋಗಿತ್ತು. ಮೂಲೆಯಲ್ಲಿ, ಕೆಸರಿನ ಒಳಗೆ, ಕಿತ್ತಳೆ ದಾರದ ಒಂದು ತುಂಡು ಇನ್ನೂ ಅಂಟಿಕೊಂಡಿತ್ತು. ಸಿರಿಲೊ ಎರಡು ಸಲ ಕೇಳಿದ. ಕೊಡ್ತೀನಿ ಕೊಡ್ತೀನಿ ಎಂದರು. ಬೂಟು ಉಜ್ಜಿಕೊಂಡು ಒಳಗೆ ಹೋದರು.

ಈಗ ಒತಿಲಿಯಾ ಎತ್ತಿ ನಿಂತ ತೋಳನ್ನು ನೋಡಿದಳು. ಬಲಗಡೆಯ ಹೊಳೆಯುವ ದಂಡ ಎಣ್ಣೆಯಿಂದ ಒದ್ದೆಯಾಗಿತ್ತು. ಚಿಂದಿಯಿಂದ ಒರೆಸಿದಳು. ಮತ್ತೆ ಒದ್ದೆಯಾಯಿತು. ಮಸಿ ತೆಗೆದು ದಂಡದ ಮೇಲೆ ಒಂದು ಗೆರೆ ಎಳೆದಳು. ಲೈಲ್ ಒಂದು ಹಳೆಯ ಬೇಲಿಕಂಬ ಹೊತ್ತು ಬರುವುದರೊಳಗೆ ಗೆರೆ ಕಾಣಲಿಲ್ಲ. ದಂಡ ಅಷ್ಟು ಒಳಗೆ ಸರಿದಿತ್ತು, ತೋಳು ಇಳಿಯುತ್ತಿತ್ತು.

ಲೈಲ್ ಕಂಬವನ್ನು ಅಡ್ಡ ಕೊಳವೆಯ ಕೆಳಗೆ ನಿಲ್ಲಿಸಿ ಸುತ್ತಿಗೆಯಿಂದ ಬಿಗಿ ಮಾಡಿದ.

"ನಮ್ಮಪ್ಪ ನೆಟ್ಟ ಕಂಬ ಇದು. ಅವನ ಕಾಲದಿಂದ ನಿಂತಿತ್ತು. ನಿನ್ನ ವೆಲ್ಡಿಂಗು ಮುಗಿಯೋವರ್ಗೂ ನಿಲ್ಲಲ್ವಾ," ಎಂದ. "ಭಯ ಆದ್ರೆ ಹೇಳಪ್ಪ. ಕೆಲ್ಸ ಕೊಡಿ ಅಂತ ದಿನಾ ಯಾರಾದ್ರೂ ಬಂದು ನಿಲ್ತಾರೆ. ಪೋಲೀಸ್ ಗಾಡೀನೂ ಈ ರಸ್ತೇಲೇ ಓಡಾಡತ್ತೆ."

ಅಷ್ಟು ಹೇಳಿ ಅವನು ಊಟಕ್ಕೆ ಹೋದ.

ಸಿರಿಲೊ ರಟ್ಟಿನ ಡಬ್ಬಿಯೊಂದನ್ನು ಹರಿದು ನೆಲಕ್ಕೆ ಹಾಸಿದ. ಅದರ ಮೇಲೆ ಅಂಗಾತ ಮಲಗಿ, ಹಿಂದಕ್ಕೆ ಜಾರಿ, ತಲೆಯನ್ನು ಕೊಳವೆಯ ಕೆಳಗೆ ತಂದ. ಮಾಸ್ಕಿಗೆ ಕೈ ಹಾಕಿದ. ಒತಿಲಿಯಾ ಅವನ ಬೂಟು ಹಿಡಿದುಕೊಂಡಳು.

"ಬಾ ಈಚೆಗೆ."

"ಬಿಡೇ. ಬೇಗ ಮುಗ್ಸಿ ಎದ್ದುಬಿಡ್ತೀನಿ."

"ಎಣ್ಣೆ ಸೋರ್ತಾ ಇದೆ."

"ಕಂಬ ಇದೆಯಲ್ಲ."

"ಕಂಬದ ಮೇಲೆ ನಿಂಗೆ ನಂಬಿಕೆ ಇದ್ಯಾ?"

ಅವನ ಮಾಸ್ಕು ಅರ್ಧ ಇಳಿದಿತ್ತು. "ಏನ್ ಮಾಡೋಣ ಹೇಳು," ಎಂದ. "ಇಲ್ಲಿಂದ ಓಡಿಸಿದ್ರೆ ಎಲ್ಲಿಗೆ ಹೋಗೋಣ. ಅಮ್ಮಂಗೆ ಏನಂತ ಹೇಳೋಣ."

"ಹೋದ ಸಲಾನೂ ಅಮ್ಮಂಗೆ ಏನಂತ ಹೇಳೋದು ಅಂತ ನೀನು ಅತ್ತೆ. ಫೋನ್ ನನ್ನ ಕೈಗೆ ಕೊಟ್ಟೆ. ನಾನು ಹೇಳ್ದೆ. ಅವಳು ಕೂಗಿದ್ದು ನನ್ನ ಕಿವಿಗೆ. ಇನ್ನೊಂದು ಸಲ ನಾನು ಆ ಫೋನ್ ಮಾಡಲ್ಲ ಅಣ್ಣ. ನೀನು ಸತ್ರೆ ನೀನೇ ಹೇಳ್ಕೋ."

ಅವಳು ಅಷ್ಟೊಂದು ಮಾತನ್ನು ಒಟ್ಟಿಗೆ ಆಡಿದ್ದನ್ನು ಸಿರಿಲೊ ಹಿಂದೆಂದೂ ಕೇಳಿರಲಿಲ್ಲ. ಅವಳು ಎಳೆದಳು. ಅವನು ಎಳೆಸಿಕೊಂಡ. ರಟ್ಟಿನ ಸಮೇತ ಈಚೆ ಬಂದ.

"ಗೋಡೆ ಹತ್ರ ಹೋಗು," ಎಂದಳು. ಹೋಗಿ ನಿಂತ. ಅವಳು ಟ್ರ್ಯಾಕ್ಟರ್ ಹತ್ತಿದಳು. ಯಾರೂ ಅವಳಿಗೆ ಕಲಿಸಿರಲಿಲ್ಲ. ನೋಡಿ ನೋಡಿ ಗೊತ್ತಿತ್ತು. ಇಳಿಸುವ ಹಿಡಿಕೆಯನ್ನು ಮುಂದಕ್ಕೆ ತಳ್ಳಿದಳು.

ತೋಳುಗಳ ಭಾರ ಕಂಬದ ಮೇಲೆ ಕೂತಿತು. ಒಂದು ಉಸಿರಿನಷ್ಟು ಹೊತ್ತು ಕಂಬ ನಿಂತಿತು. ಲೈಲ್‌ನ ಅಪ್ಪ ನೆಟ್ಟ ಕಂಬ. ಆಮೇಲೆ ಅದು ಓರೆಯಾಯಿತು, ಮುರಿದು ಸಿಡಿಯಿತು, ಶೆಡ್ಡಿನ ತಗಡಿಗೆ ಬಡಿದು ತೂತು ಮಾಡಿತು. ತೋಳುಗಳು ನೆಲಕ್ಕೆ ಬಿದ್ದವು. ರಟ್ಟು ಹಾಸಿದ್ದ ಜಾಗದಲ್ಲಿ ಸಿಮೆಂಟು ಪುಡಿಯೆದ್ದಿತು. ಸದ್ದಿಗೆ ಆಚೆ ಕೊಟ್ಟಿಗೆಯಲ್ಲಿ ಕರುಗಳು ಕೂಗಿಕೊಂಡವು. ಬೆಸುಗೆ ಬಿಡಲಿಲ್ಲ.

ಸಿರಿಲೊ ಗೋಡೆಗೆ ಒರಗಿ ವಾಂತಿ ಮಾಡಿಕೊಂಡ. ಒತಿಲಿಯಾ ಟ್ರ್ಯಾಕ್ಟರಿನ ಕೀ ತೆಗೆದು ಜೇಬಿಗೆ ಹಾಕಿಕೊಂಡಳು. ಸಾಮಾನಿನ ಪೆಟ್ಟಿಗೆಯಿಂದ ದೊಡ್ಡ ಸ್ಪ್ಯಾನರು ಆರಿಸಿಕೊಂಡಳು. ಹೊರಗೆ ನಡೆದಳು.

ಮನೆಗೂ ಕೊಟ್ಟಿಗೆಗೂ ನಡುವೆ ಬಿಳಿಯ ಗ್ಯಾಸ್ ಟ್ಯಾಂಕು ಇತ್ತು. ಕೆಲಸದವರು ಅದರಾಚೆ ಹೋಗುವಂತಿರಲಿಲ್ಲ. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಬೋರ್ಡು ಯಾಕೆ ಬೇಕು. ಮಾರ್ಸಿಯಾಲ್ ಅಲ್ಲಿ ನಿಂತು ಕೂಗುತ್ತಿದ್ದ. ಸಿರಿಲೊ ಅಲ್ಲಿ ನಿಂತು ಕಾಯುತ್ತಿದ್ದ. ಚಳಿಯಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು. ಒತಿಲಿಯಾ ಅಲ್ಲಿ ನಿಲ್ಲಲಿಲ್ಲ. ಹಿಂದಿನಿಂದ ಸಿರಿಲೊ ಓಡಿ ಬಂದ. ಟ್ಯಾಂಕಿನ ಹತ್ತಿರ ಅವನ ಕಾಲು ತಾನಾಗಿ ನಿಂತಿತು.

"ಒತಿಲಿಯಾ, ಸ್ಪ್ಯಾನರು ಇಲ್ಲಿ ಕೊಡು. ನಾನೇ ಬಿಚ್ಕೊಂಡು ಬಂದ್ಬಿಡ್ತೀನಿ. ಅವರಿಗೆ ಗೊತ್ತೂ ಆಗಲ್ಲ."

"ಬೇಡ," ಎಂದಳು. "ಕದ್ಕೊಂಡು ಹೋಗೋದಲ್ಲ ಅದು."

ಅವನೂ ಟ್ಯಾಂಕು ದಾಟಿದ.

ಮೆಟ್ಟಿಲ ಪಕ್ಕ ಕೆಂಪು ಆಸರೆ ಇತ್ತು. ಆವತ್ತಿನ ಚರ್ಚಿನ ಬೂಟುಗಳ ಕೆಸರು ಅದರ ಮೇಲೆ ಹಸಿಯಾಗಿತ್ತು. ಒತಿಲಿಯಾ ಬೂಟು ಉಜ್ಜಲಿಲ್ಲ. ಅದನ್ನು ದಾಟಿ ಮೆಟ್ಟಿಲು ಹತ್ತಿ ಗಾಜಿನ ಬಾಗಿಲು ಬಡಿದಳು.

ಲೈಲ್‌ನ ಹೆಂಡತಿ ಡಾರ್ಲಾ ಬಾಗಿಲು ತೆಗೆದಳು. ಬೆಚ್ಚಗಿನ ಗಾಳಿ ಬಂತು. ಸುಟ್ಟ ಮಾಂಸದ, ಬೆಣ್ಣೆಯ ವಾಸನೆ. ಟಿವಿಯಲ್ಲಿ ಫುಟ್‌ಬಾಲ್ ಆಟ, ಜನ ಕೂಗುತ್ತಿದ್ದರು. ಡಾರ್ಲಾ ಮೊದಲು ಒತಿಲಿಯಾಳ ಬೂಟು ನೋಡಿದಳು. ಅಯ್ಯೋ ನೆಲ ಎಂದಳು. ಏನಮ್ಮ, ಹಸಿವಾಯ್ತಾ, ಅಲ್ಲೇ ಇರು, ಕಾಗದದ ತಟ್ಟೆಯಲ್ಲಿ ಹಾಕಿಕೊಡುತ್ತೇನೆ ಎಂದು ಒಳಗೆ ತಿರುಗಿದಳು. ಅವಳು ಕೆಟ್ಟವಳಲ್ಲ. ಕ್ರಿಸ್ಮಸ್ಸಿಗೆ ಹಳೆಯ ಸ್ವೆಟರ್ ಕೊಡುತ್ತಿದ್ದಳು. ಆ ಕಬ್ಬಿಣಕ್ಕೆ ಅವಳೂ ಬೂಟು ಉಜ್ಜುತ್ತಿದ್ದಳು.

ಊಟದ ಮೇಜಿನಿಂದ ಲೈಲ್, "ಮುಗೀತಾ?" ಎಂದು ಕೂಗಿದ.

ಒತಿಲಿಯಾ ಹೊಸ್ತಿಲಲ್ಲೇ ನಿಂತಿದ್ದಳು.

"ಅದಕ್ಕೆ ಮಾತು ಬರಲ್ಲ ಅಪ್ಪ," ಎಂದ ಬ್ರೆಟ್. "ಅಂಬಾ ಅನ್ನತ್ತೆ ನೋಡು, ಕರುಗಳ ಜೊತೆ ಇದ್ದು ಇದ್ದು."

ಮೇಜಿನ ಸುತ್ತ ಇದ್ದವರು ನಕ್ಕರು. ಡಾರ್ಲಾ, ಸುಮ್ನಿರೋ ಎಂದಳು. ಅವಳೂ ಸ್ವಲ್ಪ ನಕ್ಕಳು.

ಒತಿಲಿಯಾಳ ಕಿವಿ ಬಿಸಿಯಾಯಿತು. ಚಿಕ್ಕಂದಿನಿಂದ ಅವಳ ಬಾಯಿ ಮುಚ್ಚಿಸುತ್ತ ಬಂದ ಅದೇ ಅಳುಕು ಮತ್ತೆ ಬಂತು. ತಿರುಗಿ ಹೋಗಿಬಿಡಬಹುದಿತ್ತು. ತಟ್ಟೆ ಇಸಿದುಕೊಂಡು, ತಲೆ ತಗ್ಗಿಸಿ. ಕೆಳಗಿನ ಮೆಟ್ಟಿಲಲ್ಲಿ ಸಿರಿಲೊ ನಿಂತಿದ್ದ. ಅವನ ಗಡ್ಡದ ಮೇಲೆ ವಾಂತಿ ಇನ್ನೂ ಒಣಗಿರಲಿಲ್ಲ. ಅವನು ಬದುಕಿದ್ದ.

ಅವಳು ಸ್ಪ್ಯಾನರನ್ನು ಹೊಸ್ತಿಲ ಮೇಲೆ ಇಟ್ಟಳು. ಉಜ್ಜಿ ತೊಳೆದ ಮರದ ಮೇಲೆ ಅದು ದಡ್ ಎಂದಿತು. ನಗು ನಿಂತಿತು. ಟ್ರ್ಯಾಕ್ಟರಿನ ಕೀಯನ್ನು ಜೇಬಿನಿಂದ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಬೆರಳುಗಳಲ್ಲಿ ಎತ್ತಿ ಹಿಡಿದಳು. ಅವರ ಭಾಷೆಯಲ್ಲಿ, ಅವರಿಂದಲೇ ಕೇಳಿ ಕೇಳಿ ಕಲಿತ ಮಾತಿನಲ್ಲಿ, ನಿಧಾನವಾಗಿ ಹೇಳಿದಳು.

"ನಿಮ್ಮ ಕಂಬ ಮುರೀತು. ನಮ್ಮಣ್ಣ ಅದ್ರ ಕೆಳಗಿರ್ಲಿಲ್ಲ."

ಲೈಲ್ ಫೋರ್ಕನ್ನು ಕೆಳಗಿಟ್ಟ. ಏನೋ ಹೇಳಲು ಎದ್ದ. ಕೀ ನೋಡಿದ. ಕಿಟಕಿಯಾಚೆ ಹಿಮದ ಮೊದಲ ಚೂರುಗಳು ಬೀಳುತ್ತಿದ್ದವು. ಅದನ್ನೂ ನೋಡಿದ. ಎದ್ದವನು ಹಾಗೇ ನಿಂತ.

"ಹೊರಗಡೆ ನೀವು ಬೂಟು ಉಜ್ಜೋ ಕಬ್ಬಿಣ ನಮ್ಮ ಮಾರ್ಸಿಯಾಲ್‌ದು," ಎಂದಳು ಒತಿಲಿಯಾ. "ಬೋಲ್ಟು ಹಾಕಿದ್ದು ನೀವು. ನೀವೇ ಬಿಚ್ಚಿ, ತೊಳ್ದು ಕೊಡಿ. ಆಮೇಲೆ ಕೀ."

ಬ್ರೆಟ್ ಅಪ್ಪನ ಮುಖ ನೋಡಿದ. ಡಾರ್ಲಾ ಕಾಗದದ ತಟ್ಟೆ ಹಿಡಿದುಕೊಂಡೇ ಇದ್ದಳು. ಯಾರೋ ಟಿವಿಯ ದನಿ ತಗ್ಗಿಸಿದರು. ತೆರೆದ ಬಾಗಿಲಿನಿಂದ ಚಳಿ ಒಳಗೆ ನುಗ್ಗುತ್ತಿತ್ತು. ಬಾಗಿಲು ಹಾಕು ಎಂದು ಯಾರೂ ಹೇಳಲಿಲ್ಲ. ಸ್ಪ್ಯಾನರು ಹೊಸ್ತಿಲ ಮೇಲೆ ಇತ್ತು. ಯಾರೂ ಅದರ ಕಡೆ ಕೈ ಚಾಚಲಿಲ್ಲ.

"ಬಿಚ್ಚಿ ಕೊಡಿ," ಎಂದಳು.